ಫೋನನ್ನು ಜಗಲಿಗೆ ತನ್ನಿ

ಬೆಳಗಿನ ಎಂಟು ಗಂಟೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಗೇಜ್ ಆಟೊಗಳಿಂದ ಕಾಯಿ ಇಳಿಯುತ್ತಿದೆ. ಅತ್ತ ದೂರದ ಊರಿಗೆ ಹೊರಡುವ ಲಾರಿ ತುಂಬುತ್ತಿದೆ. ಪಕ್ಕದ ಟೀ ಅಂಗಡಿಯ ಪುಟ್ಟ ಡಬ್ಬಿ ಹತ್ತು ರೂಪಾಯಿ ಬಂತು, ಇಪ್ಪತ್ತು ರೂಪಾಯಿ ಬಂತು ಎಂದು ಬಿಡುವಿಲ್ಲದೆ ಸಾರುತ್ತಿದೆ. ಕಾಯಿ ತಂದ ರೈತನ ಜೇಬಿನಲ್ಲಿ ಫೋನು ಕುಣಿಯುತ್ತದೆ. ‘ನಾನು ಮಿಲಿಟರಿಯವನು. ನಮ್ಮ ಕ್ಯಾಂಪಿಗೆ ಸಾವಿರ ಕಾಯಿ ಬೇಕು. ಮುಂಗಡ ಈಗಲೇ ಹಾಕ್ತೀನಿ, ನಾನು ಕಳಿಸೋ ಕ್ಯೂಆರ್ ಸ್ಕ್ಯಾನ್ ಮಾಡಿ.’

ಅದೇ ಹೊತ್ತಿಗೆ ಮಳವಳ್ಳಿ ಸೀಮೆಯ ಹಳ್ಳಿಯೊಂದರಲ್ಲಿ ಹೆಂಗಸೊಬ್ಬರು ಈ ತಿಂಗಳ ಗೃಹಲಕ್ಷ್ಮಿ ಹಣ ಬಂತೇ ಎಂದು ಮೆಸೇಜು ತೆರೆಯುತ್ತಾರೆ. ಹಣದ ಸುದ್ದಿಯಿಲ್ಲ, ‘ನಿಮ್ಮ ಕಂತು ತಡೆಹಿಡಿಯಲಾಗಿದೆ, ಈ ಲಿಂಕ್ ಒತ್ತಿ’ ಎಂಬ ಸಾಲಿದೆ. ಮಂಡ್ಯದ ನೂರಡಿ ರಸ್ತೆಯಲ್ಲಿ ಬಸ್ಸಿಗೆ ಕಾದಿರುವ ಕಾಲೇಜು ಹುಡುಗನಿಗೆ, ಬ್ಯಾಂಕ್ ಖಾತೆಯನ್ನು ‘ಬಾಡಿಗೆಗೆ’ ಕೊಟ್ಟರೆ ತಿಂಗಳಿಗೆ ಇಷ್ಟು ಎಂಬ ಆಸೆಯ ಮಾತು ಬಂದಿದೆ. ಪಕ್ಕದ ಬಡಾವಣೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಎದುರು ವಿಡಿಯೊ ಕಾಲ್‌ನಲ್ಲಿ ಖಾಕಿ ತೊಟ್ಟವನೊಬ್ಬ ಗದರುತ್ತಿದ್ದಾನೆ: ‘ಬಾಗಿಲು ಹಾಕಿ. ಹೆಂಡತಿ ಮಕ್ಕಳಿಗೂ ಹೇಳಕೂಡದು.’

ನಾಲ್ಕು ಫೋನು, ನಾಲ್ಕು ಸುಳ್ಳು. ಆದರೆ ನಾಲ್ಕರಲ್ಲೂ ಒಂದು ಮಾತು ಸಮ: ಬೇಗ ಮಾಡಿ, ಯಾರಿಗೂ ಹೇಳಬೇಡಿ.

ಟವೆಲ್ ಕೆಳಗಿನ ಬೆರಳು

ಬಂಡೂರು ಕುರಿಯ ತವರು ಮಳವಳ್ಳಿ ತಾಲ್ಲೂಕು. ಅಲ್ಲಿ ಟಗರು ಕೊಳ್ಳಲು ಹೊರಟವನು ಒಬ್ಬನೇ ಹೋಗುವುದಿಲ್ಲ. ಜೊತೆಗೊಬ್ಬ ಭಾವಮೈದನೋ ಅಕ್ಕಪಕ್ಕದವನೋ ಇರಲೇಬೇಕು. ಒಬ್ಬ ಬೆನ್ನು ಒತ್ತಿ ನೋಡುತ್ತಾನೆ, ಇನ್ನೊಬ್ಬ ಹಲ್ಲು ಎಣಿಸುತ್ತಾನೆ, ಮೂರನೆಯವನು ಸುಮ್ಮನೆ ನಿಂತು ಮಾರುವವನ ಮುಖ ಓದುತ್ತಾನೆ. ದನದ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವಾಗಲೂ ಸುತ್ತ ನಾಲ್ಕು ಜನ ನಿಂತಿರುತ್ತಾರೆ. ಬೆಲೆ ಗುಟ್ಟು, ವ್ಯಾಪಾರ ಬಯಲು. ಇದು ನಮ್ಮ ಹಿರಿಯರ ಭದ್ರತಾ ವ್ಯವಸ್ಥೆ.

ಫೋನು ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿತು. ಈಗ ಲಕ್ಷ ರೂಪಾಯಿಯ ವಹಿವಾಟು ಅಂಗೈಯಲ್ಲಿ, ಒಬ್ಬರೇ ಕೂತು, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಹಲ್ಲು ಎಣಿಸುವವರಿಲ್ಲ, ಮುಖ ಓದುವವರಿಲ್ಲ. ಮೋಸಗಾರನಿಗೆ ಇದು ಚೆನ್ನಾಗಿ ಗೊತ್ತು. ಅವನು ನಿಮ್ಮ ಫೋನಿನ ಬೀಗ ಒಡೆಯಲು ಹೋಗುವುದು ಅಪರೂಪ. ಮೊದಲು ನಿಮ್ಮನ್ನು ಮನೆಯವರಿಂದ ಬೇರೆ ಮಾಡುತ್ತಾನೆ. ಆಮೇಲೆ ಬೀಗವನ್ನು ನಿಮ್ಮ ಕೈಯಿಂದಲೇ ತೆಗೆಸುತ್ತಾನೆ.

ಈ ಕಸುಬು ಎಷ್ಟು ಬೆಳೆದಿದೆ ಎಂಬುದಕ್ಕೆ ಸರ್ಕಾರದ್ದೇ ಲೆಕ್ಕವಿದೆ. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಮಾಹಿತಿಯಂತೆ ದೇಶದ ಜನ ಸೈಬರ್ ವಂಚನೆಯಲ್ಲಿ ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ. 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಮರ್ಯಾದೆಗೆ ಅಂಜಿ ದೂರು ಕೊಡದವರು ಈ ಲೆಕ್ಕದ ಹೊರಗಿದ್ದಾರೆ.

ಹೆದರಿಕೆಯೇ ಬಂಡವಾಳ

ಮೇಷ್ಟ್ರಿಗೆ ಬಂದ ಕರೆಯಿಂದ ಶುರು ಮಾಡೋಣ. ಇದಕ್ಕೆ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರು ಬಿದ್ದಿದೆ. ನಾಟಕದ ಅಂಕಗಳು ಹೆಚ್ಚು ಕಡಿಮೆ ಒಂದೇ. ಮೊದಲು ಕೊರಿಯರ್ ಕಂಪನಿಯವನೋ ದೂರಸಂಪರ್ಕ ಇಲಾಖೆಯವನೋ ಮಾತಾಡುತ್ತಾನೆ: ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮ ಆಧಾರ್‌ನಲ್ಲಿ ಕಳ್ಳ ಸಿಮ್ ಇದೆ. ಆಮೇಲೆ ಕರೆ ‘ಪೊಲೀಸ’ನಿಗೆ, ‘ಸಿಬಿಐ’ಗೆ ದಾಟುತ್ತದೆ. ಹಿಂದೆ ಠಾಣೆಯ ಬೋರ್ಡು, ಮುಂದೆ ಮೊಹರು ಹಾಕಿದ ಕಾಗದ, ಕೆಲವೊಮ್ಮೆ ಕರಿಕೋಟಿನ ‘ನ್ಯಾಯಾಧೀಶ’ರೂ ಹಾಜರ್. ಕ್ಯಾಮೆರಾ ಮುಂದಿನಿಂದ ಏಳಕೂಡದು. ಕೊನೆಗೆ, ತನಿಖೆ ಮುಗಿಯುವವರೆಗೆ ನಿಮ್ಮ ಹಣವನ್ನು ‘ಸರ್ಕಾರಿ ಖಾತೆ’ಗೆ ಹಾಕಬೇಕು.

ಓದಿದವರು ಇದಕ್ಕೆ ಬೀಳುವುದಿಲ್ಲ ಎಂಬ ನಂಬಿಕೆ ಸುಳ್ಳಾಗಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕ್ಷೇತ್ರದ ಮಹಿಳೆಯೊಬ್ಬರು ಇಂಥದ್ದೇ ಬಲೆಯಲ್ಲಿ ತಿಂಗಳುಗಟ್ಟಲೆ ಸಿಲುಕಿ ಸುಮಾರು 32 ಕೋಟಿ ರೂಪಾಯಿ ಕಳೆದುಕೊಂಡ ಪ್ರಕರಣ 2025ರ ನವೆಂಬರ್‌ನಲ್ಲಿ ಬೆಳಕಿಗೆ ಬಂತು. ಇದು ನಗರದ ಕಾಯಿಲೆ ಎಂದು ಸುಮ್ಮನಿರುವಂತೆಯೂ ಇಲ್ಲ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ ವೃದ್ಧ ದಂಪತಿ ಈ ಬೆದರಿಕೆ ತಾಳಲಾರದೆ ಜೀವ ಕಳೆದುಕೊಂಡರು. ಹಣಕ್ಕಿಂತ ಹೆಚ್ಚಾಗಿ ಅವರನ್ನು ಕೊಂದದ್ದು ಯಾರಿಗೂ ಹೇಳಿಕೊಳ್ಳಲಾಗದ ಒಂಟಿತನ ಅನ್ನಿಸುತ್ತದೆ.

ಇನ್ನೊಂದು ಕಥೆಯೂ ಇದೆ. ವಿಜಯಪುರದ ಒಬ್ಬರು ಇಂಥದ್ದೇ ಕರೆ ಬಂದಾಗ ಬೆದರದೆ ಅದನ್ನು ರೆಕಾರ್ಡ್ ಮಾಡಿಟ್ಟರು. ಪ್ರಧಾನಿ ನರೇಂದ್ರ ಮೋದಿ 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಆ ಸಂಭಾಷಣೆಯನ್ನೇ ಕೇಳಿಸಿ, ನಿಲ್ಲಿ, ಯೋಚಿಸಿ, ಆಮೇಲೆ ಕ್ರಮ ಕೈಗೊಳ್ಳಿ ಎಂಬ ಮೂರು ಹೆಜ್ಜೆ ಹೇಳಿದರು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತದ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು.

ನೆನಪಿಡಬೇಕಾದ್ದು ಇಷ್ಟೇ. ಭಾರತದ ಯಾವ ಕಾನೂನಿನಲ್ಲೂ ವಿಡಿಯೊ ಕಾಲ್‌ನಲ್ಲಿ ಬಂಧಿಸುವ ಪದ್ಧತಿ ಇಲ್ಲ. ತನಿಖೆಗೆಂದು ಹಣ ವರ್ಗಾಯಿಸಿಕೊಳ್ಳುವ ಪೊಲೀಸ್ ಠಾಣೆಯೂ ಇಲ್ಲ, ನ್ಯಾಯಾಲಯವೂ ಇಲ್ಲ.

ಕರೆ ಮಾಡುವವನು ಎಲ್ಲಿರುತ್ತಾನೆ? ಎಷ್ಟೋ ಸಲ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ಕಡೆಯ ಬೇಲಿಯೊಳಗಿನ ಕಟ್ಟಡದಲ್ಲಿ. ಅಲ್ಲಿ ಕೂತವನೇ ಕೆಲಸದ ಆಸೆಗೆ ಬಲಿಯಾಗಿ ಹೋಗಿ ಸಿಕ್ಕಿಬಿದ್ದ ನಮ್ಮ ದೇಶದ ಹುಡುಗನಾಗಿರಬಹುದು. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಇಂಥ ತಾಣಗಳಿಂದ ಬಿಡಿಸಿದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ‘ವಿದೇಶದಲ್ಲಿ ಡೇಟಾ ಎಂಟ್ರಿ ಕೆಲಸ, ವೀಸಾ ಖರ್ಚು ನಮ್ಮದು’ ಎಂಬ ಜಾಹೀರಾತು ನೋಡಿದ ಪದವೀಧರರು ಇದನ್ನೂ ನೆನೆಯಬೇಕು.

ಹಣ ಬರಲು ಪಿನ್ ಬೇಡ

ಎಳನೀರು ಮಾರುವ ರೈತನಿಗೆ ಬಂದ ಕರೆ ಭಯದ್ದಲ್ಲ, ಲಾಭದ್ದು. 2016ರಲ್ಲಿ ಬಂದ ಯುಪಿಐ ಈಗ ಕಬ್ಬಿನ ಹಾಲಿನ ಗಾಡಿಯಿಂದ ಮದ್ದೂರು ವಡೆಯ ಹೋಟೆಲಿನವರೆಗೆ ಎಲ್ಲ ಕಡೆ ಇದೆ. ಅದರ ವ್ಯಾಕರಣ ಸರಳ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಹಣ ಬರಲು ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ನಿಮ್ಮ ಕಾಯಿ ಕೊಳ್ಳುವವನು ನಿಮ್ಮ ಕ್ಯೂಆರ್ ಸ್ಕ್ಯಾನ್ ಮಾಡಬೇಕು, ನೀವು ಅವನದ್ದನ್ನಲ್ಲ. ಈ ಒಂದು ಸಾಲು ಮನೆಯವರೆಲ್ಲರ ಬಾಯಿಗೆ ಬಂದರೆ ಅರ್ಧ ಕಳ್ಳರು ಕೆಲಸ ಕಳೆದುಕೊಳ್ಳುತ್ತಾರೆ.

‘ಹಣ ಕೇಳುವ ಕೋರಿಕೆ’ ಕಳಿಸಿ, ಅದು ಹಣ ಬರುವ ಸಂದೇಶ ಎಂದು ನಂಬಿಸಿ ಪಿನ್ ಒತ್ತಿಸುವುದು ಹಳೆಯ ವರಸೆಯಾಗಿತ್ತು. ಇದರ ಹಾವಳಿಯಿಂದಾಗಿ ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಕೋರಿಕೆ ಕಳಿಸುವ ಸೌಲಭ್ಯವನ್ನೇ 2025ರ ಅಕ್ಟೋಬರ್‌ನಿಂದ ನಿಲ್ಲಿಸಲಾಗಿದೆ. ಕ್ಯೂಆರ್ ವರಸೆ ಮಾತ್ರ ಉಳಿದಿದೆ.

ಮತ್ತೊಂದು ಬಗೆ: ‘ಅಣ್ಣಾ, ತಪ್ಪಿ ನಿಮ್ ನಂಬರ್‌ಗೆ 5,000 ಹಾಕ್ಬಿಟ್ಟೆ, ಆಸ್ಪತ್ರೇಲಿದೀನಿ, ವಾಪಸ್ ಹಾಕಿ.’ ಜೊತೆಗೆ ಬ್ಯಾಂಕಿನದರಂತೆಯೇ ಕಾಣುವ ಮೆಸೇಜು. ಕರುಳು ಚುರುಕ್ ಎನ್ನುವುದು ಸಹಜ. ಆದರೆ ಮೆಸೇಜನ್ನು ನಂಬಬೇಡಿ, ಖಾತೆಯ ಬಾಕಿಯನ್ನು ನೋಡಿ. ಹಣ ನಿಜವಾಗಿ ಬಂದಿದ್ದರೂ ನೀವಾಗಿ ಹಿಂದಿರುಗಿಸಬೇಡಿ. ಬ್ಯಾಂಕಿಗೆ ತಿಳಿಸಿ, ಅದರ ಮೂಲಕವೇ ಹೋಗಲಿ ಎನ್ನಿ. ಬಂದದ್ದು ಕದ್ದ ಹಣವಾಗಿರಬಹುದು.

ಅಂಗಡಿಯವರಿಗೆ ಬೇರೆಯದೇ ಕಾಟ. ಹಸಿರು ಟಿಕ್ ತೋರಿಸುವ ನಕಲಿ ಆ್ಯಪ್‌ಗಳಿವೆ. ಗಿರಾಕಿಯ ಪರದೆಯನ್ನಲ್ಲ, ನಿಮ್ಮ ಡಬ್ಬಿಯ ದನಿಯನ್ನು ನಂಬಿ. ರಾತ್ರೋರಾತ್ರಿ ನಿಮ್ಮ ಕ್ಯೂಆರ್ ಮೇಲೆ ತಮ್ಮದನ್ನು ಅಂಟಿಸಿ ಹೋಗುವವರೂ ಇದ್ದಾರೆ. ಬೆಳಗ್ಗೆ ಅಂಗಡಿ ತೆರೆದು ದೇವರಿಗೆ ಕೈ ಮುಗಿದ ಮೇಲೆ ಆ ಚೀಟಿಯನ್ನೂ ಒಮ್ಮೆ ಮುಟ್ಟಿ ನೋಡುವುದು ಒಳ್ಳೆಯದು.

ಕದ್ದ ಹೆಬ್ಬೆಟ್ಟು

ಸ್ಮಾರ್ಟ್‌ಫೋನೇ ಇಲ್ಲದವರ ಹಣವೂ ಹೋದದ್ದುಂಟು. ಹಳ್ಳಿಗಳಲ್ಲಿ ಪಿಂಚಣಿ, ಕೂಲಿ ಹಣವನ್ನು ಪುಟ್ಟ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಪಡೆಯುವ ವ್ಯವಸ್ಥೆ ಇದೆಯಲ್ಲ, ಅದಕ್ಕೆ ಆಧಾರ್ ಆಧಾರಿತ ಪಾವತಿ ಎಂದು ಹೆಸರು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಒಟಿಪಿ ಇಲ್ಲ, ಕಾರ್ಡ್ ಇಲ್ಲ. ಅಕ್ಷರ ಬಾರದವರಿಗೆ ಇದು ವರ. ಬೆರಳಚ್ಚು ಕದ್ದರೆ ಅದೇ ಶಾಪ.

ಬೆರಳಚ್ಚನ್ನು ಕದಿಯುವುದು ಹೇಗೆ? 2023ರಲ್ಲಿ ಕರ್ನಾಟಕದಲ್ಲೇ ಇದಕ್ಕೆ ಉತ್ತರ ಸಿಕ್ಕಿತು. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ‘ಕಾವೇರಿ’ ಜಾಲತಾಣದಿಂದ ಕ್ರಯಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ಸಂಖ್ಯೆ ಬಳಸಿ, ನಕಲಿ ಬೆರಳಚ್ಚು ತಯಾರಿಸಿ ಹಣ ತೆಗೆದವರನ್ನು ಪೊಲೀಸರು ಹಿಡಿದರು. ಜಮೀನು ನೋಂದಾಯಿಸಿದ್ದೇ ತಪ್ಪಾಯಿತೇ ಎಂದು ಜನ ಬೆಚ್ಚಿದರು. ಆಮೇಲೆ ಇಲಾಖೆ ದಾಖಲೆಗಳಲ್ಲಿ ಈ ವಿವರ ಮರೆಮಾಚಲು ಮುಂದಾಯಿತು.

ಕ್ರಯ, ಭಾಗ, ಅಡಮಾನ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಎಡತಾಕುವ ರೈತ ಕುಟುಂಬಗಳು ಮಾಡಬೇಕಾದ ಕೆಲಸ ಒಂದಿದೆ: ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವುದು. ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಆ್ಯಪ್‌ನಲ್ಲಿ ‘ಬಯೊಮೆಟ್ರಿಕ್ ಲಾಕ್’ ಇದೆ. ಬೇಕಾದಾಗ ತೆರೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಬಹುದು. ಮಾಹಿತಿಗೆ 1947 ಸಂಖ್ಯೆಗೆ ಕರೆ ಮಾಡಬಹುದು. ಹೆಬ್ಬೆಟ್ಟು ಒತ್ತಿದಾಗ ‘ಫೇಲ್ ಆಯ್ತು, ಇನ್ನೊಂದ್ಸಲ ಒತ್ತವ್ವ’ ಎಂದರೆ ಮೊದಲ ಸಲದ ರಸೀದಿ ಕೇಳಿ. ರಸೀದಿ ಕೇಳುವುದು ಅವಮಾನವಲ್ಲ.

ಲಗ್ನಪತ್ರಿಕೆಯ ವೇಷ

ಮಳವಳ್ಳಿಯ ಮಹಿಳೆಗೆ ಬಂದ ಲಿಂಕ್‌ನ ಕಥೆ ಈಗ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುತ್ತದೆ. ಪಿಎಂ ಕಿಸಾನ್‌ನ ಕಂತೂ 2,000. ಈ ‘ಎರಡು ಸಾವಿರ’ಕ್ಕೆ ಲಕ್ಷಾಂತರ ಜನ ಕಾಯುತ್ತಾರೆ ಎಂಬುದು ಕಳ್ಳನಿಗೂ ಗೊತ್ತು. ಹಾಗಾಗಿ ಯೋಜನೆಯ ಹೆಸರಿನಲ್ಲೇ ನಕಲಿ ಆ್ಯಪ್ ಬರುತ್ತದೆ.

ಈಚೆಗೆ ಅದು ನಾನಾ ವೇಷ ತೊಟ್ಟಿದೆ. ವಾಟ್ಸ್‌ಆ್ಯಪ್‌ನಲ್ಲಿ ‘ಮದುವೆಯ ಮಮತೆಯ ಕರೆಯೋಲೆ’, ಆರ್‌ಟಿಒ ದಂಡದ ಚಲನ್, ಕರೆಂಟ್ ಬಿಲ್ ಬಾಕಿ. ಒತ್ತಿದರೆ ಚಿತ್ರ ಕಾಣುವುದಿಲ್ಲ, ‘ಇನ್‌ಸ್ಟಾಲ್ ಮಾಡಲೇ?’ ಎಂದು ಫೋನು ಕೇಳುತ್ತದೆ. ಫೈಲಿನ ಹೆಸರಿನ ಬಾಲದಲ್ಲಿ ‘ಎಪಿಕೆ’ ಎಂದಿರುತ್ತದೆ. ಎಪಿಕೆ ಎಂದರೆ ಗಂಟು ಕಟ್ಟಿದ ಆ್ಯಪ್. ಲಗ್ನಪತ್ರಿಕೆ ಓದಲು ಯಾವ ಆ್ಯಪ್ಪೂ ಬೇಕಿಲ್ಲ. ಗಂಟು ಬಿಚ್ಚಿದರೆ ಒಳಗಿನವನು ನಿಮ್ಮ ಮೆಸೇಜು, ಒಟಿಪಿಗಳನ್ನು ಓದುತ್ತಾನೆ, ನಿಮ್ಮ ಹೆಸರಿನಲ್ಲಿ ಅದೇ ಪತ್ರಿಕೆಯನ್ನು ನೆಂಟರಿಗೆಲ್ಲ ಹಂಚುತ್ತಾನೆ. ಅವರು ನಂಬುವುದು ಅದು ನಿಮ್ಮಿಂದ ಬಂತೆಂದೇ.

ಒತ್ತಿಬಿಟ್ಟಿದ್ದರೆ? ಮೊದಲು ಇಂಟರ್ನೆಟ್ ಆರಿಸಿ, ಸಿಮ್ ತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಗೆ ತಡೆ ಹಾಕಿಸಿ. ಆ ಆ್ಯಪ್ ಕಿತ್ತುಹಾಕಿ, ಬಲ್ಲವರ ಕೈಯಲ್ಲಿ ಫೋನನ್ನು ಪೂರ್ತಿ ಅಳಿಸಿ ಹೊಸದು ಮಾಡಿಸುವುದು ಇನ್ನೂ ಕ್ಷೇಮ. ‘ಇವತ್ತು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್’ ಎಂಬ ಮೆಸೇಜಿಗೂ ಉತ್ತರ ಸುಲಭ. ನಮ್ಮ ಕಡೆ ವಿದ್ಯುತ್ ಕೊಡುವ ಸೆಸ್ಕ್‌ನ ಸಹಾಯವಾಣಿ 1912. ಬಂದ ನಂಬರಿಗೆ ಮರಳಿ ಕರೆಯಬೇಡಿ; ಬಿಲ್ಲಿನ ಮೇಲಿರುವ ನಂಬರಿಗೆ ಕರೆಯಿರಿ. ಬ್ಯಾಂಕಿಗೂ ಇದೇ ಮಾತು. ಪಾಸ್‌ಬುಕ್ಕಿನಲ್ಲಿ, ಕಾರ್ಡಿನ ಹಿಂದೆ ಇರುವ ನಂಬರು ನಿಜ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ಕಳ್ಳನದೂ ಆಗಿರಬಹುದು.

ಹೈಕಳ ಕೈಯ ಫೋನು

ಸಂಜೆ ಅಪ್ಪ ಗದ್ದೆಯಿಂದ ಬಂದ ಕೂಡಲೇ ಫೋನು ಮಗನ ಕೈಗೆ ಹೋಗುತ್ತದೆ. ಅದರಲ್ಲೇ ಅಪ್ಪನ ಕಬ್ಬಿನ ಬಿಲ್ಲು, ಅಮ್ಮನ ಹಾಲಿನ ಬಟವಾಡೆ. ಒಂದು ಆಟ, ಅದರೊಳಗೊಂದು ‘ಉಚಿತ ವಜ್ರ’, ಅದನ್ನು ಪಡೆಯಲು ಬರುವ ಒಟಿಪಿ ಹೇಳು ಎನ್ನುವ ಅಪರಿಚಿತ ‘ಗೆಳೆಯ’. ಮಗುವಿಗೆ ಒಟಿಪಿ ಎಂದರೆ ಮನೆಯ ಬೀಗದ ಕೈ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಬ್ಯಾಂಕಿನ ಆ್ಯಪ್‌ಗಳಿಗೆ ಪ್ರತ್ಯೇಕ ಬೀಗ, ಮಕ್ಕಳಿಗೆ ಗೊತ್ತಿಲ್ಲದ ಪಿನ್, ದಿನದ ಯುಪಿಐ ಮಿತಿಯನ್ನು ಕಡಿಮೆ ಇಡುವುದು: ಈ ಮೂರು ಹತ್ತು ನಿಮಿಷದ ಕೆಲಸ.

ಹಣ ಕಟ್ಟಿ ಆಡುವ ಆಟದ ಕಾಟ ದೊಡ್ಡವರದು. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ನಿಷೇಧಿಸಿದಾಗ, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ. ಆಡಿದವನಿಗೆ ಶಿಕ್ಷೆಯಿಲ್ಲ, ಆಡಿಸಿದವನಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಇಷ್ಟಾದ ಮೇಲೂ ಟೆಲಿಗ್ರಾಮ್ ಗುಂಪಿನಲ್ಲಿ ‘ಗ್ಯಾರಂಟಿ ಗೆಲುವು’ ಎನ್ನುವವನು ಹೊರದೇಶದ ದಂಧೆಯ ದಲ್ಲಾಳಿ ಎಂದೇ ತಿಳಿಯಿರಿ.

ಹೆಣ್ಣುಮಕ್ಕಳ ಫೋಟೊ ತಿರುಚಿ ಹೆದರಿಸುವುದು, ಗಂಡಸರಿಗೆ ಅಪರಿಚಿತ ವಿಡಿಯೊ ಕಾಲ್ ಮಾಡಿ ಆ ಪರದೆಯನ್ನೇ ಚಿತ್ರೀಕರಿಸಿ ಬೆದರಿಸುವುದು ಇನ್ನೊಂದು ದಂಧೆ. ಇಲ್ಲಿ ಕಳ್ಳನ ಬಂಡವಾಳ ನಮ್ಮ ಮರ್ಯಾದೆಯ ಭಯ. ಒಮ್ಮೆ ಹಣ ಕೊಟ್ಟರೆ ಮತ್ತೆ ಕೇಳುತ್ತಾನೆ. ಕೊಡುವ ಗಿರಾಕಿ ಸಿಕ್ಕ ಮೇಲೆ ಯಾರು ಬಿಡುತ್ತಾರೆ? ಕೊಡಬೇಡಿ, ಅಳಿಸಬೇಡಿ, ಪರದೆಯ ಚಿತ್ರ ತೆಗೆದಿಟ್ಟುಕೊಂಡು ದೂರು ಕೊಡಿ. ಖಾಸಗಿ ಅಂಗ ತೋರಿಸುವ ಅಥವಾ ತಿರುಚಿದ ಇಂಥ ಚಿತ್ರಗಳನ್ನು, ಸಂಬಂಧಪಟ್ಟವರು ದೂರಿದ 2 ಗಂಟೆಯೊಳಗೆ ಸಾಮಾಜಿಕ ಜಾಲತಾಣಗಳು ತೆಗೆಯಬೇಕು ಎನ್ನುತ್ತವೆ 2026ರಲ್ಲಿ ತಿದ್ದುಪಡಿಯಾದ 2021ರ ಐಟಿ ನಿಯಮಗಳು. ಮಹಿಳೆಯರು, ಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಹೆಸರು ಹೇಳದೆಯೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಕೊಡಬಹುದು. ಮಕ್ಕಳ ಸಹಾಯವಾಣಿ 1098.

ಫೋನು ಬಿಡಲಾಗದ ಚಟಕ್ಕೂ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ‘ಷಟ್’ ಕ್ಲಿನಿಕ್ ತೆರೆಯಿತು. ಆಸ್ಟ್ರೇಲಿಯಾ 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ಬೇಡವೆಂದಿದೆ. ಆದರೆ ಮಗು ಹೆದರಿದಾಗ ಮೊದಲು ಓಡಿ ಬರಬೇಕಾದ್ದು ಅಪ್ಪ ಅಮ್ಮನ ಹತ್ತಿರ. ‘ಫೋನ್ ಕಿತ್ಕೊಳ್ತಾರೆ’ ಎಂಬ ಭಯವಿದ್ದರೆ ಮಗು ಬರುವುದಿಲ್ಲ, ಕಳ್ಳನ ಮಾತೇ ಕೇಳುತ್ತದೆ.

ಬಾಡಿಗೆ ಖಾತೆಯ ಬೆಲೆ

ನೂರಡಿ ರಸ್ತೆಯ ಹುಡುಗನನ್ನು ಮರೆಯುವಂತಿಲ್ಲ. ಕದ್ದ ಹಣ ನೇರವಾಗಿ ಕಳ್ಳನ ಮನೆಗೆ ಹೋಗುವುದಿಲ್ಲ. ಮೊದಲು ಒಂದು ಖಾತೆ, ಅಲ್ಲಿಂದ ಹತ್ತು, ಅಲ್ಲಿಂದ ನೂರು. ವಿಸಿ ನಾಲೆಯ ನೀರು ಕವಲು ಕವಲಾಗಿ ಹರಿದು ಗದ್ದೆ ಗದ್ದೆಗೆ ಇಂಗುವ ಹಾಗೆ. ಆ ಕವಲುಗಳೇ ಬಾಡಿಗೆ ಖಾತೆಗಳು. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟ ಹುಡುಗನಿಗೆ ಸಿಗುವುದು ಪುಡಿಗಾಸು. ಪೊಲೀಸರು ಮೊದಲು ಬಂದು ನಿಲ್ಲುವುದು ಅವನ ಮನೆ ಬಾಗಿಲಿಗೆ, ಏಕೆಂದರೆ ಖಾತೆಯಲ್ಲಿರುವುದು ಅವನ ಹೆಸರು. ಬೇರೆಯವರ ಸೋಗಿನಲ್ಲಿ ಕಂಪ್ಯೂಟರ್ ಬಳಸಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಪ್ರಕಾರ 3 ವರ್ಷದವರೆಗೆ ಶಿಕ್ಷೆ. ವಂಚಕರ ಜೊತೆ ಆರೋಪಿ ಪಟ್ಟಿಯಲ್ಲಿ ಖಾತೆದಾರನ ಹೆಸರೂ ಸೇರಬಹುದು. ಸರ್ಕಾರಿ ಕೆಲಸದ ಕನಸಿದ್ದವನಿಗೆ ಒಂದು ಕೇಸು ಸಾಕು.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು 2023ರಲ್ಲಿ ಶುರುವಾದ ‘ಸಂಚಾರ್ ಸಾಥಿ’ ಪೋರ್ಟಲ್‌ನಲ್ಲಿ ನೋಡಬಹುದು. ಗೊತ್ತಿಲ್ಲದ ನಂಬರಿದ್ದರೆ ಅಲ್ಲೇ ವರದಿ ಮಾಡಬಹುದು. ಫೋನು ಕಳೆದರೆ ತಡೆ ಹಾಕಿಸುವ ವ್ಯವಸ್ಥೆಯೂ ಅಲ್ಲಿದೆ.

ಫಾರ್ವರ್ಡ್ ಮಾಡಿದ ಕಲ್ಲು

ಹಣ ಮಾತ್ರ ಕಳೆಯುವುದಲ್ಲ, ಕೆಲವೊಮ್ಮೆ ಜೀವವೂ ಹೋಗುತ್ತದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದ್‌ನ ಎಂಜಿನಿಯರ್ ಒಬ್ಬರು ಅದೇ ರೀತಿ ಸತ್ತರು. ಆ ತಿಂಗಳೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಕಳಿಸುವ ಮಿತಿ ತಂದಿತು.

ನಮ್ಮ ಮಂಡ್ಯ ಜಿಲ್ಲೆಯೂ ಗಣೇಶ ಮೆರವಣಿಗೆಯ ಗಲಭೆಯ ಬಿಸಿ ದಿನಗಳನ್ನು ಕಂಡಿದೆ: 2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲ, 2025ರ ಸೆಪ್ಟೆಂಬರ್‌ನಲ್ಲಿ ಮದ್ದೂರು. ಇಂಥ ದಿನಗಳಲ್ಲಿ ಎಲ್ಲಿಯದೋ ಹಳೆಯ ವಿಡಿಯೊ ನಮ್ಮ ಊರಿನ ಹೆಸರು ಹೊತ್ತು ಬರುವುದು ಬಹಳ ಸುಲಭ. ಬೀದಿಯಲ್ಲಿ ಕಲ್ಲು ಎತ್ತದ ಸಾಧು ಮನುಷ್ಯರೂ ಸೋಫಾದಲ್ಲಿ ಕೂತು ಒಂದು ಬೆರಳಿನಲ್ಲಿ ಅದನ್ನು ಮುಂದಕ್ಕೆ ಎಸೆಯುತ್ತಾರೆ. ಯಾರು ತೆಗೆದದ್ದು, ಎಂದು, ಎಲ್ಲಿ ಎಂಬ ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ವಿಡಿಯೊ ನಿಮ್ಮ ಫೋನಿನಲ್ಲೇ ಸಾಯಲಿ.

ಹಣ ಹೋದ ಮೊದಲ ಗಂಟೆ

ಇಷ್ಟೆಲ್ಲ ತಿಳಿದೂ ಹಣ ಹೋಯಿತು ಎನ್ನೋಣ. ಆಗ 1930. ಈ ಸಂಖ್ಯೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದ ಜಾಲಕ್ಕೆ ಸೇರಿದ್ದು. ನೀವು ಖಾತೆ, ಮೊತ್ತ, ಹೊತ್ತು, ವಹಿವಾಟಿನ ಸಂಖ್ಯೆ ಹೇಳಿದ ಕೂಡಲೇ ಸುದ್ದಿ ಹಣ ಸೇರಿದ ಬ್ಯಾಂಕಿಗೆ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ತಡೆ ಬೀಳುತ್ತದೆ. ಮುಂದೆ ಹರಿದಿದ್ದರೆ ಮುಂದಿನ ಬ್ಯಾಂಕಿಗೆ ಸುದ್ದಿ. ತೂಬು ಮುಚ್ಚುವುದು ಎಷ್ಟು ಬೇಗವೋ ಅಷ್ಟು ನೀರು ಉಳಿಯುತ್ತದೆ. ಗಂಡನಿಗೆ ಹೇಳಲೋ ಬೇಡವೋ, ಜನ ಏನಂದಾರು ಎಂದು ರಾತ್ರಿ ಕಳೆದರೆ ಬೆಳಗ್ಗೆ ಕಾಲುವೆ ಒಣಗಿರುತ್ತದೆ. ತಡೆದ ಹಣ ಸಾಮಾನ್ಯವಾಗಿ ನ್ಯಾಯಾಲಯದ ಆದೇಶದ ಮೇಲೆ ಮರಳುತ್ತದೆ.

ಈ ತಡೆಗೆ ಇನ್ನೊಂದು ಮುಖವೂ ಇದೆ. ಕದ್ದ ಹಣದಲ್ಲಿ ಯಾರೋ ನಿಮ್ಮ ಅಂಗಡಿಯಲ್ಲಿ ಸಾಮಾನು ಕೊಂಡಿದ್ದರೆ ನಿಮ್ಮ ಖಾತೆಗೂ ತಡೆ ಬೀಳಬಹುದು. ಗಾಬರಿ ಬೇಡ, ಬಿಲ್ಲು, ದಿನಾಂಕ ಹಿಡಿದು ಬ್ಯಾಂಕಿನಲ್ಲಿ ಯಾವ ಠಾಣೆಯ ದೂರು ಎಂದು ಕೇಳಿ ಉತ್ತರ ಕೊಡಬೇಕು.

ಬ್ಯಾಂಕಿನ ಹೊಣೆಯನ್ನೂ ತಿಳಿದಿರಬೇಕು. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ ಎಂದಿತು 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ. ಒಟಿಪಿ ಹೇಳಿದ್ದು ನೀವೇ ಆಗಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದೇ. ಹಾಗಾಗಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾದದ್ದು ಬೆಂಗಳೂರಿನಲ್ಲಿ, 2001ರಲ್ಲಿ. ಈಗ ಜಿಲ್ಲೆಗಳಲ್ಲೂ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಸೆನ್ ಠಾಣೆಗಳಿವೆ, ಮಂಡ್ಯದಲ್ಲೂ ಇದೆ. ಮನಸ್ಸು ಕುಸಿದರೆ ಟೆಲಿಮನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು, ಹಗಲೂ ರಾತ್ರಿಯೂ.

ಮನೆಯ ಕಟ್ಟಳೆ

ಎಲ್ಲ ಬಗೆಯ ಮೋಸವನ್ನೂ ಯಾರಿಗೂ ಕಂಠಪಾಠ ಮಾಡಲಾಗದು. ನಾಳೆ ಹೊಸದು ಬರುತ್ತದೆ. ಕಂಪ್ಯೂಟರ್ ಈಗ ಮಗನ ದನಿಯನ್ನೇ ನಕಲು ಮಾಡಿ ‘ಅಮ್ಮಾ, ಆಕ್ಸಿಡೆಂಟ್ ಆಗದೆ, ದುಡ್ ಕಳ್ಸು’ ಎಂದು ಅಳಬಲ್ಲದು. ಅದಕ್ಕೆ ಮನೆಯವರಷ್ಟೇ ಬಲ್ಲ ಗುಟ್ಟಿನ ಮಾತೊಂದು ಇರಲಿ: ಹಳೇ ಹಸುವಿನ ಹೆಸರು, ಅಜ್ಜಿ ಇಟ್ಟ ಅಡ್ಡಹೆಸರು. ಕೇಳಿದರೆ ಮಗ ನಗುತ್ತಲೇ ಹೇಳುತ್ತಾನೆ, ಯಂತ್ರ ತಡವರಿಸುತ್ತದೆ.

ಉಳಿದದ್ದಕ್ಕೆ ಒಂದೇ ಕಟ್ಟಳೆ ಸಾಕು. ಹಣ, ಒಟಿಪಿ, ಪೊಲೀಸ್, ಬಹುಮಾನ, ಬೆದರಿಕೆ: ಈ ಐದರಲ್ಲಿ ಯಾವುದರ ಸುದ್ದಿ ಬಂದರೂ ಕರೆ ಕತ್ತರಿಸಿ, ಮನೆಯ ಇನ್ನೊಬ್ಬರಿಗೆ ಹೇಳದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಒಂಟಿಯಾಗಿರುವ ಹಿರಿಯರು ಪಕ್ಕದ ಮನೆಗೆ ಹೋಗಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಲಿ. ಇನ್ನೊಂದು ಕಟ್ಟಳೆ ಕೇಳಿಸಿಕೊಳ್ಳುವವರಿಗೆ: ಬೈಯಬಾರದು. ‘ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ?’ ಎಂಬ ಒಂದು ಮಾತು, ಮುಂದಿನ ಸಲ ಆ ಅಮ್ಮನ ಬಾಯಿ ಮುಚ್ಚಿಸುತ್ತದೆ. ಆಗ ಅವಳ ಮಾತು ಕೇಳಲು ಉಳಿಯುವವನು ಕಳ್ಳನೊಬ್ಬನೇ.

ಮತ್ತೆ ಆ ಮೇಷ್ಟ್ರ ಮನೆ. ಖಾಕಿಯವನು ಬಾಗಿಲು ಹಾಕಿ ಎಂದಿದ್ದಾನೆ. ಅವರು ಬಾಗಿಲು ತೆರೆದು, ಫೋನು ಹಿಡಿದೇ ಹೊರಗೆ ಬಂದು ಜಗಲಿಯ ಮೇಲೆ ಕೂತು ಕೂಗಲಿ: ‘ಏನವ್ವಾ, ಯಾರೋ ಪೊಲೀಸ್ನೋರಂತೆ, ಒಸಿ ಬಂದು ನೋಡಿ.’ ಸೊಸೆ ಬರುತ್ತಾಳೆ, ಪಕ್ಕದ ಮನೆಯವರು ಇಣುಕುತ್ತಾರೆ, ಹಾದು ಹೋಗುವ ಹಾಲಿನವನು ಸೈಕಲ್ ನಿಲ್ಲಿಸುತ್ತಾನೆ. ನಾಲ್ಕು ಮುಖ ಪರದೆಯ ಮುಂದೆ ಬಂದೊಡನೆ ಆ ಕಡೆಯ ‘ಸಾಹೇಬ’ ಕರೆ ಕತ್ತರಿಸುತ್ತಾನೆ.